ಒಂದು ಮಂಡಲದ ಗಡುವು

ಕೊಳ್ಳೇಗಾಲದ ಕಡೆಯ ವಾಚಕರೊಬ್ಬರು ನಮಗೊಂದು ದೀರ್ಘವಾದ ಕಾಗದವನ್ನು ಬರೆದಿರುವರು. ಅದರ ಸಾರಾಂಶವಿಷ್ಟು: ಅವರ ಮನೆಯವರಿಗೆ ಬಹುದಿನಗಳಿಂದ ಮೈಭಾರ, ಆಲಸ್ಯ, ಮಲಬದ್ಧತೆ, ಕೂದಲುದುರುವುದು, ಸ್ವಲ್ಪ ಚಳಿಯನ್ನೂ ತಾಳಲಾರದಿರುವುದು ಇವೆಲ್ಲವೂ ಇದ್ದುವು. ಡಾಕ್ಟರು ರಕ್ತವನ್ನು ಪರೀಕ್ಷೆ ಮಾಡಿಸಿ, ಥೈರಾಯಿಡ್ ಗ್ರಂಥಿಯ ಕೆಲಸವು ಕುಂದಿದೆಯೆಂದು ಹೇಳಿ, ದಿನಕ್ಕೊಂದರಂತೆ 50 ಮೈಕ್ರೋಗ್ರಾಮಿನ ಗುಳಿಗೆಯನ್ನು ಬರೆದುಕೊಟ್ಟರು. ಗುಳಿಗೆಯು ಪ್ರಾರಂಭವಾದ ಹನ್ನೆರಡನೆಯ ದಿನ ಇವರು, ಯಾರೂ ಹೇಳದೆಯೇ, ಮತ್ತೊಮ್ಮೆ ರಕ್ತವನ್ನು ಕೊಡಿಸಿದರು. ಮೊದಲು 18 ಇದ್ದ ಟಿ.ಎಸ್.ಎಚ್. ಎಂಬ ಅಂಕವು 15ಕ್ಕೆ ಮಾತ್ರ ಇಳಿದಿತ್ತು. “ಔಷಧವು ಹಿಡಿಯಲಿಲ್ಲವೆಂದು ತೋರುತ್ತದೆ, ಗುಳಿಗೆಯನ್ನು ಎರಡು ಮಾಡಬಹುದೇ, ಇಲ್ಲವೇ ಡಾಕ್ಟರನ್ನೇ ಬದಲಾಯಿಸಬೇಕೇ?” ಎಂಬುದು ಅವರ ಪ್ರಶ್ನೆ.

ಎರಡೂ ಬೇಡವೆಂಬುದೇ ನಮ್ಮ ಉತ್ತರ. ಔಷಧವು ಹಿಡಿಯಿತೋ ಇಲ್ಲವೋ ಎಂಬ ತೀರ್ಪನ್ನು ಕೊಡಲು ಹನ್ನೆರಡನೆಯ ದಿನದ ರಕ್ತಕ್ಕೆ ಅಧಿಕಾರವಿಲ್ಲ. ನಾವು ವೈದ್ಯರಲ್ಲ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದವರು. ಗುಳಿಗೆಯ ಪ್ರಮಾಣವನ್ನು ನಿಶ್ಚಯಿಸತಕ್ಕವರು ಡಾಕ್ಟರೇ ಹೊರತು ನಾವಲ್ಲ. ಆದರೆ ಪರೀಕ್ಷೆಯನ್ನು ಯಾವಾಗ ಮಾಡಿಸಬೇಕೆಂಬ ಪ್ರಶ್ನೆಯಲ್ಲಿ ಮುಕ್ಕಾಲು ಪಾಲು ಬರಿಯ ಲೆಕ್ಕವಿದೆ. ಲೆಕ್ಕವನ್ನು ಯಾವ ಗೃಹಸ್ಥನಾದರೂ, ಯಾವ ಗೃಹಿಣಿಯಾದರೂ ಅರಿತುಕೊಳ್ಳಬಹುದು. ನಮ್ಮ ಹೊನ್ನೂರಿನಲ್ಲಿಯೇ ಈಗ ಬೀದಿಗೊಂದೆರಡು ಮನೆಗಳಲ್ಲಿ ಈ ಗುಳಿಗೆಯ ಸೀಸೆಯು ಗೋಡೆಯ ಗೂಡಿನಲ್ಲಿ ಕುಳಿತಿರುವುದನ್ನು ಕಾಣುತ್ತೇವಾದಕಾರಣ, ಈ ತಿಂಗಳು ಅದನ್ನೇ ಕುರಿತು ಬರೆಯುವುದು ಯುಕ್ತವೆಂದು ತೋರಿತು.

ಥೈರಾಯಿಡ್ ಎಂಬುದು ಕಂಠದ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿ ಅಂಟಿಕೊಂಡಿರುವ ಸಣ್ಣ ಗ್ರಂಥಿ. ಅದು ಸ್ರವಿಸುವ ಥೈರಾಕ್ಸಿನ್ ಎಂಬ ರಸವು ರಕ್ತದೊಡನೆ ಸಂಚರಿಸುತ್ತ, ದೇಹದ ಪ್ರತಿಯೊಂದು ಅಂಗವೂ ಎಷ್ಟು ವೇಗದಲ್ಲಿ ಕೆಲಸಮಾಡಬೇಕೆಂಬುದನ್ನು ನಿಯಮಿಸುತ್ತದೆ. ಈ ಗ್ರಂಥಿಯು ಊದಿಕೊಂಡಾಗ ಆಗುವ ಗಳಗಂಡವನ್ನು ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ವರ್ಣಿಸಿದೆ. ಆದರೆ ಗ್ರಂಥಿಯು ಊದುವುದು ಬೇರೆ, ರಸವು ಕುಂದುವುದು ಬೇರೆ; ಊತವೇ ಇಲ್ಲದೆ ರಸವು ಕುಂದಬಹುದು. ಈ ಎರಡನೆಯದಕ್ಕೆ ಮದ್ದು ದೊರೆತುದು 1891ರಲ್ಲಿ. ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಜಾರ್ಜ್ ಮರೆ ಎಂಬ ವೈದ್ಯನು, ರೋಗವು ಮುದುರಿಸಿದ್ದ ನಲವತ್ತಾರು ವಯಸ್ಸಿನ ಹೆಂಗಸೊಬ್ಬಳಿಗೆ ಕುರಿಯ ಥೈರಾಯಿಡಿನ ಸಾರವನ್ನು ಸೂಜಿಯ ಮೂಲಕ ಕೊಟ್ಟನು. ಆಕೆಯು ಚೇತರಿಸಿಕೊಂಡು ಮತ್ತೆ ಇಪ್ಪತ್ತೆಂಟು ವರ್ಷಗಳ ಕಾಲ ಬದುಕಿದಳು. 1914ರ ಡಿಸೆಂಬರ್ 25ರಂದು ಅಮೆರಿಕದ ಕೆಂಡಲ್ ಎಂಬಾತನು ಆ ರಸವನ್ನು ಶುದ್ಧವಾದ ಹರಳಿನ ರೂಪದಲ್ಲಿ ಬೇರ್ಪಡಿಸಿದನು. 1927ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಎಂಬವರು ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದರು. ಇಂದಿನ ಗುಳಿಗೆಯಲ್ಲಿರುವುದು ಹಾಗೆ ತಯಾರಾದ ಥೈರಾಕ್ಸಿನ್ನೇ; ಪರಕೀಯವಾದ ವಸ್ತುವಲ್ಲ, ನಮ್ಮ ದೇಹದಲ್ಲಿ ಇರಬೇಕಾದುದೇ. “ಇಂಗ್ಲಿಷ್ ಔಷಧ, ಬಹಳ ಉಷ್ಣ” ಎಂದು ಹೆದರುವವರಿಗಾಗಿ ಈ ಮಾತನ್ನು ಹೇಳಿದೆವು.

ಈಗ ಲೆಕ್ಕಕ್ಕೆ ಬರೋಣ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲಿನಲ್ಲಿ ಅರ್ಧವು ಎರಡು ಮೂರು ಗಂಟೆಗಳಲ್ಲಿಯೇ ರಕ್ತದಿಂದ ಕಳೆದುಹೋಗುತ್ತದೆ. ಥೈರಾಕ್ಸಿನ್ನು ಹಾಗಲ್ಲ. ಈ ದಿನ ರಕ್ತಕ್ಕೆ ಸೇರಿದುದರಲ್ಲಿ ಅರ್ಧವು ವ್ಯಯವಾಗಲು ಸುಮಾರು ಏಳು ದಿನಗಳು ಹಿಡಿಯುತ್ತವೆ. ಬತ್ತಿದ ಕೆರೆಯೊಂದಕ್ಕೆ ಕಾಲುವೆಯಿಂದ ದಿನವೂ ಒಂದೇ ಅಳತೆಯ ನೀರು ಬರುತ್ತಿದೆಯೆಂದೂ, ತೂಬು ತೆರೆದೇ ಇದೆಯೆಂದೂ ಭಾವಿಸಿರಿ. ಕೆರೆಯಲ್ಲಿ ನೀರು ಕಡಮೆಯಿರುವಾಗ ತೂಬಿನಿಂದ ಹೊರಡುವುದೂ ಕಡಮೆ. ಮಟ್ಟವು ಏರಿದ ಹಾಗೆಲ್ಲ ಹೊರಡುವುದೂ ಹೆಚ್ಚುತ್ತದೆ. ಕಡೆಗೆ ಬರುವುದೂ ಹೋಗುವುದೂ ಸಮವಾದಾಗ ಕೆರೆಯ ಮಟ್ಟವು ಒಂದೆಡೆ ನಿಲ್ಲುತ್ತದೆ. ಅದೇ ರೀತಿ ದಿನಕ್ಕೊಂದು ಗುಳಿಗೆ ತೆಗೆದುಕೊಳ್ಳುವವರ ರಕ್ತದಲ್ಲಿ, ಮೊದಲನೆಯ ವಾರದ ಕೊನೆಗೆ ಔಷಧವು ತಾನು ನಿಲ್ಲಬೇಕಾದ ಮಟ್ಟದ ಅರ್ಧವನ್ನು ಮುಟ್ಟುತ್ತದೆ. ಎರಡನೆಯ ವಾರಕ್ಕೆ ಮುಕ್ಕಾಲು. ಮೂರನೆಯದಕ್ಕೆ ಎಂಟರಲ್ಲಿ ಏಳು ಪಾಲು. ನಾಲ್ಕನೆಯದಕ್ಕೆ ಹದಿನಾರರಲ್ಲಿ ಹದಿನೈದು. ಐದನೆಯದಕ್ಕೆ ಮೂವತ್ತೆರಡರಲ್ಲಿ ಮೂವತ್ತೊಂದು. ನಮ್ಮ ವಾಚಕರು ರಕ್ತವನ್ನು ಕೊಡಿಸಿದ ಹನ್ನೆರಡನೆಯ ದಿನ ಕೆರೆಯು ಹತ್ತರಲ್ಲಿ ಏಳು ಪಾಲು ಮಾತ್ರ ತುಂಬಿದ್ದಿತು. ಇದೂ ಏಳು ದಿನಗಳ ಲೆಕ್ಕದಂತೆ. ರಸವು ಕುಂದಿದ ದೇಹದಲ್ಲಿ ಎಲ್ಲ ಕೆಲಸಗಳೂ ಮಂದವಾಗುವಂತೆ ಔಷಧವು ವ್ಯಯವಾಗುವುದೂ ಮಂದವಾಗಿ, ಆ ಏಳು ದಿನವು ಒಂಬತ್ತು ಹತ್ತು ದಿನಗಳಾಗುವುದುಂಟು. ಆಗ ಕೆರೆಯು ನಿಲ್ಲಲು ಮತ್ತಷ್ಟು ಕಾಲ ಬೇಕು.

ಇಷ್ಟಾದರೂ ಲೆಕ್ಕವು ಮುಗಿಯಲಿಲ್ಲ. ಪರೀಕ್ಷೆಯ ಕಾಗದದಲ್ಲಿ ಬರೆದಿರುವ ಟಿ.ಎಸ್.ಎಚ್. ಎಂಬ ಅಂಕವು ಥೈರಾಕ್ಸಿನ್ನಿನದಲ್ಲ. ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಯಿಟರಿ ಎಂಬ ಗ್ರಂಥಿಯು ಥೈರಾಯಿಡಿಗೆ ಕಳುಹಿಸುವ ಆಜ್ಞೆಯ ಅಳತೆ. ಮನೆಯ ಹಿರಿಯಾಕೆಯು ನಡುಮನೆಯಲ್ಲಿ ಕುಳಿತು “ನೀರು ತನ್ನಿರೇ” ಎಂದು ಕೂಗುತ್ತಾಳೆ. ನೀರು ಬರದಿದ್ದಷ್ಟೂ ಕೂಗು ಜೋರಾಗುತ್ತದೆ. ಥೈರಾಕ್ಸಿನ್ನು ಕುಂದಿದಷ್ಟೂ ಟಿ.ಎಸ್.ಎಚ್. ಏರುವುದು ಈ ಕಾರಣದಿಂದಲೇ. ಆದರೆ ತಿಂಗಳುಗಟ್ಟಲೆ ಕೂಗಿ ಅಭ್ಯಾಸವಾದ ಮುದುಕಿಯು ಚೊಂಬು ಕೈಗೆ ಬಂದ ಮೇಲೆಯೂ ಸ್ವಲ್ಪ ಹೊತ್ತು ಗೊಣಗುತ್ತಲೇ ಇರುತ್ತಾಳಲ್ಲವೇ? ಪಿಟ್ಯುಯಿಟರಿಯ ಸ್ವಭಾವವೂ ಅಂಥದೇ. ರಕ್ತದ ಮಟ್ಟವು ಸರಿಹೋದ ಮೇಲೆಯೂ ಅದರ ಕೂಗು ತಗ್ಗಲು ಕೆಲವು ವಾರಗಳು ಬೇಕು. ಆದುದರಿಂದ ಗುಳಿಗೆಯನ್ನು ಪ್ರಾರಂಭಿಸಿದ ಮೇಲೆ ಆರರಿಂದ ಎಂಟು ವಾರಗಳು ಕಳೆದು ಟಿ.ಎಸ್.ಎಚ್. ನೋಡಿಸತಕ್ಕದ್ದೆಂದು ವೈದ್ಯಶಾಸ್ತ್ರವು ಗೊತ್ತುಮಾಡಿದೆ. ಪ್ರಮಾಣವನ್ನು ಹೆಚ್ಚಿಸಿದಾಗಲೂ ತಗ್ಗಿಸಿದಾಗಲೂ ಆ ದಿನದಿಂದ ಮತ್ತೆ ಆರು ವಾರಗಳ ಲೆಕ್ಕವನ್ನು ಹೊಸದಾಗಿ ಪ್ರಾರಂಭಿಸಬೇಕು. ಸಾಮಾನ್ಯವಾಗಿ 0.4 ರಿಂದ 4ರ ವರೆಗೆ ಇರತಕ್ಕ ಆ ಅಂಕವು ಸ್ಥಿರವಾಗಿ ನಿಂತ ಮೇಲೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೋಡಿಸಿದರೆ ಸಾಕು.

ಆರು ವಾರವೆಂದರೆ 42 ದಿನ, ಎಂಟು ವಾರವೆಂದರೆ 56 ದಿನ. ನಮ್ಮ ಸೀಮೆಯಲ್ಲಿ ನಾಟಿ ಔಷಧವನ್ನು ಕೊಡುವವರು “ಒಂದು ಮಂಡಲ ಪಥ್ಯ” ಎಂದು ಹೇಳುವುದು ಎಲ್ಲರಿಗೂ ತಿಳಿದುದೇ. ಮಂಡಲವೆಂದರೆ 48 ದಿನ. ಅದು ಸರಿಯಾಗಿ ಈ ಎರಡು ಗಡುವುಗಳ ನಡುವೆ ಬೀಳುತ್ತದೆ. ಪೂರ್ವಿಕರಿಗೆ ಟಿ.ಎಸ್.ಎಚ್. ಗೊತ್ತಿತ್ತೆಂದು ಹೇಳಿ ಬೀಗುವ ಚಾಳಿಯು ನಮಗಿಲ್ಲ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಇರುವ ಸಂಬಂಧವೇ ಇದಕ್ಕೂ ಇರುವುದು. ಆದರೆ ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭವಾದ ಗುರುತಿಲ್ಲ. ಅತ್ತೆಗೆ ಆರು ವಾರದ ಮಾತು ಹಿಡಿಸದಿದ್ದರೆ ಒಂದು ಮಂಡಲವೆನ್ನಿರಿ, ತಕ್ಷಣವೇ ಒಪ್ಪುವರು.

ಅವಸರದಿಂದ ಆಗುವ ಹಾನಿಯೇನೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಬೀದಿಯಲ್ಲಿಯೇ ಎಪ್ಪತ್ತರ ಹತ್ತಿರದ ಅಜ್ಜಿಯೊಬ್ಬರಿಗೆ, ಹೃದಯವು ಮೊದಲೇ ದುರ್ಬಲವಾಗಿದ್ದುದರಿಂದ, ಡಾಕ್ಟರು ಬಹು ವಿವೇಕದಿಂದ 25 ಮೈಕ್ರೋಗ್ರಾಮಿನಲ್ಲಿ ಮೊದಲುಮಾಡಿದರು. ವೃದ್ಧರಿಗೂ ಹೃದ್ರೋಗಿಗಳಿಗೂ ಹೀಗೆ ಅಲ್ಪಪ್ರಮಾಣದಲ್ಲಿ, ಕೆಲವೊಮ್ಮೆ 12.5ರಲ್ಲಿಯೇ, ತೊಡಗಿ ಮೆಲ್ಲಮೆಲ್ಲನೆ ಏರಿಸುವುದು ಪದ್ಧತಿ. ಪರಸ್ಥಳದಲ್ಲಿದ್ದ ಮಗನಿಗೆ ತಾಯಿಯ ಮೇಲೆ ಪ್ರೀತಿ ಬಹಳ, ತಾಳ್ಮೆ ಸ್ವಲ್ಪ. ಹತ್ತು ದಿನಕ್ಕೊಮ್ಮೆ ರಕ್ತವನ್ನು ತೆಗೆಸಿ, ಅಂಕವು ಇಳಿಯಲಿಲ್ಲವೆಂದು ದೂರವಾಣಿಯಲ್ಲಿಯೇ 50 ಮಾಡಿಸಿದನು. ಮತ್ತೆ ಹತ್ತು ದಿನಕ್ಕೆ 100 ಮಾಡಿಸಿದನು. ಹಿಂದಿನ ಗುಳಿಗೆಗಳು ಇನ್ನೂ ಕೆರೆಯನ್ನು ತುಂಬುತ್ತಿರುವಾಗಲೇ ಕಾಲುವೆಯನ್ನು ನಾಲ್ಮಡಿ ತೆರೆದಂತಾಯಿತು. ಎರಡನೆಯ ತಿಂಗಳಿನಲ್ಲಿ ಅಜ್ಜಿಗೆ ನಿದ್ದೆ ಹೋಯಿತು, ಕೈ ನಡುಗತೊಡಗಿತು; ಒಂದು ರಾತ್ರಿ ಎದೆಯು ತಾಳತಪ್ಪಿ ಬಡಿದುಕೊಂಡು, ನೆರೆಯವರು ಕಾರು ಮಾಡಿಕೊಂಡು ಆಸ್ಪತ್ರೆಗೆ ಒಯ್ಯಬೇಕಾಯಿತು. ಬದುಕಿ ಬಂದರೆಂಬುದು ದೈವಕೃಪೆ. ಥೈರಾಕ್ಸಿನ್ನು ಅತಿಯಾದರೆ ವೃದ್ಧರಲ್ಲಿ ನಾಡಿಯ ಗತಿಯು ಕೆಡುವುದು, ಮುಟ್ಟು ನಿಂತ ಹೆಂಗಸರಲ್ಲಿ ಮೂಳೆಯು ಸವೆಯುವುದು. ಇದು ಬಲವಾದ ಔಷಧ. ಛಂದಸ್ಸಿನಲ್ಲಿ ಮಾತ್ರೆಯೆಂದರೆ ಅಳತೆ. ವೈದ್ಯದಲ್ಲಿಯೂ ಅದೇ ಅರ್ಥವೆಂಬುದನ್ನು ಗುಳಿಗೆಗೆ ಮಾತ್ರೆಯೆಂದು ಹೆಸರಿಟ್ಟವರು ಬಲ್ಲವರಾಗಿದ್ದರು.

ಹಾಗೆಂದು ಆರು ವಾರ ತುಂಬುವವರೆಗೆ ಬಾಯಿ ಮುಚ್ಚಿಕೊಂಡಿರಬೇಕೆಂದು ತಿಳಿಯಬಾರದು. ಎದೆ ಹೊಡೆದುಕೊಳ್ಳುವುದು, ಎದೆನೋವು, ಉಸಿರು ಕಟ್ಟುವುದು ಇವು ಕಂಡರೆ ಆ ದಿನವೇ ಡಾಕ್ಟರಲ್ಲಿಗೆ ಹೋಗತಕ್ಕದ್ದು. ನಾವು ತಾಳಬೇಕೆಂದುದು ಅಂಕದ ವಿಷಯದಲ್ಲಿ, ಆಪತ್ತಿನ ವಿಷಯದಲ್ಲಲ್ಲ. ಇನ್ನೊಂದು ಮಾತು: ಆಯಾಸವು ಎರಡು ಮೂರು ವಾರಗಳಲ್ಲಿ ಸ್ವಲ್ಪ ತಗ್ಗಬಹುದು, ಆದರೆ ಕೂದಲು, ಚರ್ಮ ಮುಂತಾದುವು ಸರಿಹೋಗಲು ಅಂಕವು ಸರಿಹೋದ ಮೇಲೆಯೂ ಕೆಲವು ತಿಂಗಳುಗಳು ಹಿಡಿಯುತ್ತವೆ.

ಗಡುವು ತುಂಬಿತು, ರಕ್ತವನ್ನು ಕೊಡಲು ಯಳಂದೂರಿಗೋ ಕೊಳ್ಳೇಗಾಲಕ್ಕೋ ಚಾಮರಾಜನಗರಕ್ಕೋ ಹೊರಟಿರಿ. ಆ ದಿನ ಬೆಳಗಿನ ಗುಳಿಗೆಯನ್ನು ನುಂಗದೆ ಜೊತೆಯಲ್ಲಿ ಇಟ್ಟುಕೊಂಡು ಹೋಗಿ, ರಕ್ತವನ್ನು ಕೊಟ್ಟ ಮೇಲೆ ನುಂಗುವುದು ಲೇಸು. ಗುಳಿಗೆಯು ಹೊಟ್ಟೆಗೆ ಹೋದ ಎರಡು ನಾಲ್ಕು ಗಂಟೆಗಳಲ್ಲಿ ರಕ್ತದ ಥೈರಾಕ್ಸಿನ್ನು ತಾತ್ಕಾಲಿಕವಾಗಿ ಏರುತ್ತದೆ, ಟಿ.ಎಸ್.ಎಚ್. ಜೊತೆಗೆ ಅದನ್ನೂ ಅಳೆಯುವುದಾದರೆ ಅಂಕವು ಮೋಸಮಾಡುತ್ತದೆ. ಟಿ.ಎಸ್.ಎಚ್. ಸಹ ದಿನದಲ್ಲಿ ಒಂದೇ ಸಮನಾಗಿರುವುದಿಲ್ಲ. ರಾತ್ರಿಯಲ್ಲಿಯೂ ನಸುಕಿನಲ್ಲಿಯೂ ಹೆಚ್ಚು, ಮಧ್ಯಾಹ್ನದಲ್ಲಿ ಕಡಮೆ. ಹೋದ ಸಲ ಬೆಳಗ್ಗೆ ಎಂಟು ಗಂಟೆಗೆ ಕೊಟ್ಟಿದ್ದರೆ ಈ ಸಲವೂ ಹೆಚ್ಚು ಕಡಮೆ ಅದೇ ವೇಳೆಗೆ, ಸಾಧ್ಯವಾದರೆ ಅದೇ ಪ್ರಯೋಗಶಾಲೆಯಲ್ಲಿ ಕೊಡಬೇಕು. ಕೂದಲು ಬೆಳೆಯಲೆಂದು ಬಯೋಟಿನ್ ಗುಳಿಗೆಗಳನ್ನು ನುಂಗುವ ಸೋದರಿಯರು ಅವನ್ನು ಎರಡು ದಿನ ಮುಂಚಿತವಾಗಿಯೇ ನಿಲ್ಲಿಸಬೇಕು. ಅವು ದೇಹವನ್ನಲ್ಲ, ಪರೀಕ್ಷೆಯ ಯಂತ್ರವನ್ನು ಭ್ರಮೆಗೊಳಿಸುತ್ತವೆ. ಕಠಿನವಾದ ಜ್ವರದಿಂದ ಮಲಗಿದ್ದು ಎದ್ದಿದ್ದರೆ ಡಾಕ್ಟರನ್ನು ಕೇಳಿ ಪರೀಕ್ಷೆಯನ್ನು ಮುಂದಕ್ಕೆ ಹಾಕುವುದು ಮೇಲು. ಗುಳಿಗೆಯ ಕಂಪೆನಿಯನ್ನು ಬದಲಾಯಿಸಿದ್ದರೂ ಆ ದಿನದಿಂದ ಆರು ವಾರಗಳ ಮೇಲೊಮ್ಮೆ ನೋಡಿಸಬೇಕು. ಪಿಟ್ಯುಯಿಟರಿಯೇ ಕೆಟ್ಟಿರುವ ಕೆಲವರುಂಟು. ಕೂಗುವಾಕೆಗೇ ಧ್ವನಿಯಿಲ್ಲದ ಮೇಲೆ ಕೂಗನ್ನು ಅಳೆದು ಫಲವೇನು? ಅವರಲ್ಲಿ ಥೈರಾಕ್ಸಿನ್ನಿನ ಅಂಕವನ್ನೇ ನಂಬಬೇಕು.

ಪರೀಕ್ಷೆಯ ದಿನಕ್ಕಿಂತಲೂ ಅದರ ಹಿಂದಿನ ನಲವತ್ತೆಂಟು ದಿನಗಳು ಮುಖ್ಯ. ಗುಳಿಗೆಯನ್ನು ಬರಿಯ ಹೊಟ್ಟೆಯಲ್ಲಿ, ಬರಿಯ ನೀರಿನೊಡನೆ, ಉಪಾಹಾರಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ನಮ್ಮ ಮನೆಗಳಲ್ಲಿ ಕಾಫಿಯೇ ಇದಕ್ಕೆ ಮೊದಲನೆಯ ವಿಘ್ನ. ಒಲೆ ಹೊತ್ತಿಸಿದೊಡನೆ ಡಿಕಾಕ್ಷನ್ನಿನ ವಾಸನೆ ಎದ್ದಿತೆಂದರೆ ಗುಳಿಗೆಯನ್ನು ಕಾಫಿಯೊಡನೆಯೇ ನುಂಗಿಬಿಡುವವರು ಬಹಳ ಮಂದಿ. ಕಾಫಿಯು ಔಷಧವನ್ನು ಕರುಳು ಹೀರದಂತೆ ತಡೆಯುತ್ತದೆ. ಕಬ್ಬಿಣದ ಗುಳಿಗೆ, ಸುಣ್ಣದ ಅಂಶದ ಕ್ಯಾಲ್ಸಿಯಂ ಗುಳಿಗೆ ಇವಕ್ಕೂ ಇದಕ್ಕೂ ನಾಲ್ಕು ಗಂಟೆಗಳ ಅಂತರವಿರಲಿ. ಬೆಳಗ್ಗೆ ಆಗುವುದೇ ಇಲ್ಲವೆನ್ನುವವರು ಡಾಕ್ಟರ ಅನುಮತಿ ಪಡೆದು, ರಾತ್ರಿಯ ಊಟವಾದ ಮೂರು ಗಂಟೆಗಳ ಮೇಲೆ ಮಲಗುವಾಗ ನುಂಗಬಹುದು. ಯಾವುದನ್ನು ಹಿಡಿದರೂ ನಿತ್ಯವೂ ಅದನ್ನೇ ಹಿಡಿಯಬೇಕು. ಸೀಸೆಯನ್ನು ಒಲೆಯ ಮೇಲಿನ ಗೂಡಿನಲ್ಲಿಡಬಾರದು. ಶಾಖ, ಬೆಳಕು, ತೇವ ಮೂರೂ ಈ ಔಷಧದ ವೀರ್ಯವನ್ನು ಕೆಡಿಸುತ್ತವೆ.

ತನಿಖಾಧಿಕಾರಿಗಳು ಬರುವರೆಂದು ತಿಳಿದ ವಾರ ಮಾತ್ರ ಪಾಠಶಾಲೆಗೆ ಸುಣ್ಣ ಬಳಿಸುವ ಮುಖ್ಯೋಪಾಧ್ಯಾಯರನ್ನು ನಾವು ಕಂಡಿದ್ದೇವೆ. ಗುಳಿಗೆಯ ವಿಷಯದಲ್ಲಿಯೂ ಅಂಥವರುಂಟು: ಐದು ವಾರ ಮರೆತು, ಪರೀಕ್ಷೆಯ ಹಿಂದಿನ ವಾರ ಮಾತ್ರ ಶ್ರದ್ಧೆಯಿಂದ ನುಂಗುವರು. ಆಗ ರಕ್ತದಲ್ಲಿ ಥೈರಾಕ್ಸಿನ್ನು ಸಾಕಷ್ಟಿದೆಯೆಂದು ಕಾಣುವುದು, ಟಿ.ಎಸ್.ಎಚ್. ಮಾತ್ರ ಮೇಲೆಯೇ ಇರುವುದು. ಅನುಭವಿಗಳಾದ ಡಾಕ್ಟರು ಈ ಎರಡು ಅಂಕಗಳನ್ನು ಅಕ್ಕಪಕ್ಕದಲ್ಲಿ ನೋಡಿದೊಡನೆ ಸುಣ್ಣವಿನ್ನೂ ಹಸಿಯಾಗಿರುವುದನ್ನು ಕಂಡುಹಿಡಿಯುವರು. ಅನನುಭವಿಯಾದರೆ ಪ್ರಮಾಣವನ್ನು ಹೆಚ್ಚಿಸಿಬಿಡಬಹುದು. ಆದುದರಿಂದ ಮರೆತ ದಿನಗಳನ್ನು ನಾಚದೆ ಹೇಳುವುದೇ ಕ್ಷೇಮ.

ಇನ್ನು, ಒಂದು ಮಂಡಲ ಕಾಯಬಾರದವರನ್ನು ಕುರಿತು ಹೇಳಬೇಕು. ಮೊದಲನೆಯವರು ಗರ್ಭಿಣಿಯರು. ಸಮೀಪದ ಗ್ರಾಮದ ಹೆಣ್ಣುಮಗಳೊಬ್ಬಳು, ನಮ್ಮ ಹಳೆಯ ಶಿಷ್ಯಳೇ, ಎರಡು ವರ್ಷಗಳಿಂದ ಈ ಗುಳಿಗೆಯನ್ನು ತೆಗೆದುಕೊಳ್ಳುತ್ತಿದ್ದಳು. ಗರ್ಭವು ನಿಂತಿತೆಂದು ತಿಳಿದೊಡನೆ ತವರಿನ ಹಿರಿಯರು “ಬಸುರಿಗೆ ಗುಳಿಗೆ ಏಕೆ? ಕೂಸಿಗೆ ತಾಕೀತು” ಎಂದು ಸೀಸೆಯನ್ನೇ ತೆಗೆದಿಟ್ಟರು. ಮೂರು ವಾರಗಳಾದ ಮೇಲೆ, ತಾಯಿ ಕಾರ್ಡನ್ನು ಬರೆದುಕೊಳ್ಳಲು ಬಂದ ಆಶಾ ಕಾರ್ಯಕರ್ತೆಯು ಯಾವ ಯಾವ ಔಷಧಗಳುಂಟೆಂದು ಕೇಳಿದಾಗ ಸಂಗತಿಯು ಹೊರಬಿದ್ದಿತು. ಆ ಸಂಜೆಯೇ ಆಕೆಯನ್ನು ಡಾಕ್ಟರಲ್ಲಿಗೆ ಕರೆದೊಯ್ದು, ಗುಳಿಗೆಯನ್ನು ಮತ್ತೆ ಮೊದಲುಮಾಡಿದರು. ಮಗುವು ಈಗ ಅಂಬೆಗಾಲಿಡುತ್ತಿದೆ, ಚೆನ್ನಾಗಿದೆ. ಆದರೆ ಒಂಬತ್ತು ತಿಂಗಳೂ ಆ ಹುಡುಗಿಯು ಆ ಮೂರು ವಾರಗಳನ್ನೇ ಎಣಿಸುತ್ತ ನಿದ್ದೆಗೆಟ್ಟಳು. ಹಿರಿಯರು ಮಾಡಿದುದು ಪ್ರೀತಿಯಿಂದಲೇ; ಅವರಿಗೆ ಹೇಳಿದವರು ಯಾರೂ ಇರಲಿಲ್ಲ.

ಹಿರಿಯರೆಲ್ಲರೂ ತಿಳಿಯಬೇಕಾದುದು ಇದು: ಗರ್ಭದ ಶಿಶುವಿನ ಥೈರಾಯಿಡ್ ತಾನಾಗಿ ಸಾಕಷ್ಟು ರಸವನ್ನು ಮಾಡತೊಡಗುವುದು ಸುಮಾರು ಗರ್ಭಕಾಲದ ಅರ್ಧವು ಕಳೆದ ಮೇಲೆ. ಅಲ್ಲಿಯ ತನಕ ಮೆದುಳು ಬೆಳೆಯಲು ಅದು ತಾಯಿಯ ರಸವನ್ನೇ ನಂಬಿರುತ್ತದೆ. ಆಗ ತಾಯಿಗೆ ಬೇಕಾದ ಪ್ರಮಾಣವು ಕಡಮೆಯಾಗುವುದಿಲ್ಲ. ಮೊದಲಿಗಿಂತ ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತೈದರಿಂದ ಐವತ್ತರಷ್ಟು ಹೆಚ್ಚುತ್ತದೆ, ಅದೂ ಗರ್ಭದ ಮೊದಲ ವಾರಗಳಿಂದಲೇ. ಆದಕಾರಣ ಗುಳಿಗೆ ತೆಗೆದುಕೊಳ್ಳುವ ಹೆಣ್ಣುಮಗಳು ಬಸುರಾದರೆ ಗುಳಿಗೆಯನ್ನು ಒಂದು ದಿನವೂ ಬಿಡದೆ, ತಿಳಿದ ವಾರದಲ್ಲಿಯೇ ರಕ್ತವನ್ನು ನೋಡಿಸಿ, ಆಮೇಲೆ ಗರ್ಭಕಾಲದ ಅರ್ಧದವರೆಗೆ ನಾಲ್ಕು ವಾರಗಳಿಗೊಮ್ಮೆ, ಮೂವತ್ತನೆಯ ವಾರದ ಸುಮಾರಿಗೆ ಮತ್ತೊಮ್ಮೆ ನೋಡಿಸಬೇಕು. ಇಲ್ಲಿ ಆರು ವಾರಗಳ ಮಾತು ಸಲ್ಲದು. ಕೆರೆಯು ಪೂರ್ತಿ ನಿಲ್ಲುವುದನ್ನು ಕಾಯುವಷ್ಟು ಪುರಸೊತ್ತು ಶಿಶುವಿಗಿಲ್ಲ. ಸರ್ಕಾರದಿಂದ ಕೊಡುವ ಕಬ್ಬಿಣದ ಮತ್ತು ಕ್ಯಾಲ್ಸಿಯಂ ಗುಳಿಗೆಗಳನ್ನು ಬಿಡಬಾರದು, ಆದರೆ ಮಧ್ಯಾಹ್ನದ ಮತ್ತು ರಾತ್ರಿಯ ಊಟದ ವೇಳೆಗೆ ತಳ್ಳಬೇಕು. ಹೆರಿಗೆಯಾದ ಮೇಲೆ ಡಾಕ್ಟರು ಸಾಮಾನ್ಯವಾಗಿ ಹಳೆಯ ಪ್ರಮಾಣಕ್ಕೇ ಇಳಿಸುವರು. ಆಗ ಮತ್ತೆ ಆರು ವಾರಗಳ ಪರೀಕ್ಷೆ. ಬಾಣಂತಿಯ ಕೋಣೆಯ ಸಂಭ್ರಮದಲ್ಲಿ ಬಹುಮಂದಿ ಮರೆಯುವುದು ಇದನ್ನೇ. ಮೊಲೆಯೂಡಿಸುವಾಗ ಈ ಗುಳಿಗೆಯಿಂದ ಬಾಧಕವೇನೂ ಇಲ್ಲ.

ಎರಡನೆಯವರು ಹುಟ್ಟಿನಿಂದಲೇ ಈ ರಸದ ಕೊರತೆಯಿರುವ ಶಿಶುಗಳು. ಸಾವಿರಾರು ಶಿಶುಗಳಲ್ಲಿ ಒಂದೆರಡಕ್ಕೆ ಮಾತ್ರ ಇರುವುದಾದರೂ, ಹುಟ್ಟಿದಾಗ ನೋಡಲು ಯಾವ ಕೊರತೆಯೂ ಕಾಣದು. ಕಾಣುವ ಹೊತ್ತಿಗೆ ಬುದ್ಧಿಗೆ ಹಾನಿಯಾಗಿರುತ್ತದೆ. ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ತೆಗೆದು ನೋಡಿದರೆ ತಿಳಿಯುತ್ತದೆ. ಇಲ್ಲಿಯೂ ಕಾಲದ ನಿಯಮವುಂಟು. ಹುಟ್ಟಿದೊಡನೆ ಎಲ್ಲ ಶಿಶುಗಳಲ್ಲಿಯೂ ಟಿ.ಎಸ್.ಎಚ್. ಒಮ್ಮೆ ಮೇಲಕ್ಕೇರಿ ಇಳಿಯುವುದರಿಂದ, 48 ಗಂಟೆಗಳು ಕಳೆದ ಮೇಲೆ ತೆಗೆದ ರಕ್ತವೇ ನಂಬಿಕೆಗೆ ಅರ್ಹ. ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ಈ ಪರೀಕ್ಷೆಯಾಯಿತೇ ಎಂದು ಕೇಳಿಕೊಳ್ಳಿರಿ. ಕೊರತೆಯಿದ್ದರೆ ಎರಡು ವಾರಗಳೊಳಗಾಗಿ ಗುಳಿಗೆಯನ್ನು ಅರೆದು ಸ್ವಲ್ಪ ನೀರಿನಲ್ಲೋ ತಾಯಿಯ ಹಾಲಿನಲ್ಲೋ ಕಲಸಿ ಕೊಡಲು ಮೊದಲುಮಾಡುವರು. ಒಂದೆರಡು ವಾರಗಳಲ್ಲಿಯೇ ಮತ್ತೆ ರಕ್ತವನ್ನು ನೋಡುವರು, ಆಮೇಲೂ ಮೊದಲ ವರ್ಷವೆಲ್ಲ ಪದೇ ಪದೇ ನೋಡುವರು. ಕೂಸನ್ನು ಎಷ್ಟು ಸಲ ಚುಚ್ಚುವಿರೆಂದು ಅಜ್ಜಿಯಂದಿರು ಕೋಪಿಸಿಕೊಳ್ಳುವುದು ಸಹಜ. ಮೂರು ವರ್ಷಗಳು ತುಂಬಿದ ಮೇಲೆ ಕೆಲವು ಮಕ್ಕಳಲ್ಲಿ ಡಾಕ್ಟರೇ ಗುಳಿಗೆಯನ್ನು ಕೆಲವು ವಾರ ನಿಲ್ಲಿಸಿ ರಕ್ತವನ್ನು ನೋಡುವುದುಂಟು. ಗ್ರಂಥಿಯು ತಾನಾಗಿಯೇ ಎಚ್ಚೆತ್ತಿದ್ದರೆ ಗುಳಿಗೆಯು ಅಲ್ಲಿಗೆ ಮುಗಿಯಿತು.